ನೀರಲ್ಲಿ ಓದೋಕೆ ಏನಿದೆ ಮೇಡಂ?

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕಡೂರು ಬಸ್ಸಿನಲ್ಲಿ ಕೇಳುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಕೇಳುತ್ತಾರೆ. ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಪಿಎಚ್‌ಡಿ ಮಾಡಿದ್ದು ನೀರಿನ ಮೇಲೆ ಅಂತ ಗೊತ್ತಾದ ತಕ್ಷಣ ಎದುರಿಗಿದ್ದವರ ಮುಖದಲ್ಲಿ ನಗು ಬರುತ್ತದೆ. "ನೀರಲ್ಲಿ ಓದೋಕೆ ಏನಿದೆ ಮೇಡಂ? ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ." ಪ್ರೈಮರಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲು ಅದು. ಅಲ್ಲಿಂದ ಮುಂದೆ ಅವರು ನೀರಿನ ಬಗ್ಗೆ ಒಂದು ಕ್ಷಣವೂ ಯೋಚಿಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಮೊದಲು ಬಣ್ಣದ ವಿಷಯ ಮುಗಿಸೋಣ. ನೀರಿಗೆ ಬಣ್ಣ ಇದೆ, ತೀರಾ ತೆಳುವಾದ ನೀಲಿ. ಲೋಟದಲ್ಲಿ ಕಾಣುವುದಿಲ್ಲ, ಕೆಲವು ಮೀಟರ್ ಆಳವಾದರೂ ಬೇಕು. ಆಕಾಶದ ಬಿಂಬ ಬಿದ್ದಾಗ ನೀಲಿಯಾಗಿ ಕಾಣುವುದು ನಿಜ, ಆದರೆ ನಾನು ಹೇಳುತ್ತಿರುವುದು ನೀರಿನ ಸ್ವಂತ ಬಣ್ಣದ ಮಾತು. ಅಣುವಿನೊಳಗೆ ಆಮ್ಲಜನಕ ಮತ್ತು ಹೈಡ್ರೋಜನ್ ನಡುವಿನ ಬಂಧಗಳು ಕಂಪಿಸುವಾಗ ಬೆಳಕಿನ ಕೆಂಪು ಭಾಗವನ್ನು ಅಷ್ಟಿಷ್ಟು ನುಂಗುತ್ತವೆ, ಉಳಿದ ಬೆಳಕು ನೀಲಿಯ ಕಡೆಗೆ ವಾಲುತ್ತದೆ. ಹೈಡ್ರೋಜನ್ ಬದಲು ಅದರ ಭಾರವಾದ ಅಣ್ಣ ಡ್ಯೂಟೀರಿಯಂ ಇರುವ ಭಾರಜಲಕ್ಕೆ ಈ ನೀಲಿ ಇಲ್ಲ. ಇನ್ನು ರುಚಿ. ನಮ್ಮ ಮಲೆನಾಡಿನ ಬಾವಿ ನೀರನ್ನು ಹೊಗಳುವವರೆಲ್ಲ ಹೊಗಳುವುದು ಅದರಲ್ಲಿ ಕರಗಿರುವ ಲವಣ ಮತ್ತು ಗಾಳಿಯನ್ನು. ಬಟ್ಟಿ ಇಳಿಸಿದ ನೀರು ಕುಡಿದು ನೋಡಿದರೆ ಸಪ್ಪೆ ಎಂದರೆ ಏನೆಂದು ತಿಳಿಯುತ್ತದೆ.

ಈಗ ಅಸಲು ಸಂಗತಿಗೆ ಬರುತ್ತೇನೆ. ಆವರ್ತ ಕೋಷ್ಟಕದಲ್ಲಿ ಆಮ್ಲಜನಕದ ಕೆಳಗೆ ಅದೇ ಕುಟುಂಬದ ಗಂಧಕ, ಸೆಲೆನಿಯಂ, ಟೆಲ್ಲೂರಿಯಂ ಇವೆ. ಇವೂ ನೀರಿನ ಹಾಗೆಯೇ ಎರಡು ಹೈಡ್ರೋಜನ್ ಜೊತೆ ಸೇರಿ ಅಣು ಮಾಡಿಕೊಳ್ಳುತ್ತವೆ. ಟೆಲ್ಲೂರಿಯಂನದ್ದು ಕುದಿಯುವುದು ಸುಮಾರು ಮೈನಸ್ 2 ಡಿಗ್ರಿಯಲ್ಲಿ, ಸೆಲೆನಿಯಂನದ್ದು ಮೈನಸ್ 41ರಲ್ಲಿ, ಗಂಧಕದ್ದು ಮೈನಸ್ 60ರಲ್ಲಿ. ಅಣು ಹಗುರವಾದಷ್ಟೂ ಬೇಗ ಕುದಿಯುತ್ತದೆ. ಈ ಗೆರೆಯನ್ನು ಹಾಗೇ ಎಳೆದುಕೊಂಡು ಹೋದರೆ ಎಲ್ಲಕ್ಕಿಂತ ಹಗುರವಾದ ನೀರು ಸುಮಾರು ಮೈನಸ್ 80ರಲ್ಲಿ ಕುದಿಯಬೇಕಿತ್ತು. ಕುದಿಯುತ್ತಿರುವುದು 100ರಲ್ಲಿ. ಸುಮಾರು 180 ಡಿಗ್ರಿ ವ್ಯತ್ಯಾಸ! ಆ ಗೆರೆಯ ಮಾತನ್ನು ನೀರು ಕೇಳಿದ್ದರೆ ಭದ್ರೆ ಇಲ್ಲ, ಹೇಮಾವತಿ ಇಲ್ಲ, ಯಗಚಿ ಇಲ್ಲ. ಭೂಮಿಯ ಮೇಲಿನ ನೀರೆಲ್ಲ ಆವಿಯಾಗಿ ಗಾಳಿಯಲ್ಲಿರುತ್ತಿತ್ತು, ಓದೋಕೆ ಏನಿದೆ ಎಂದು ಕೇಳುವವರೂ ಇರುತ್ತಿರಲಿಲ್ಲ.

ಕಾರಣ ಹೈಡ್ರೋಜನ್ ಬಂಧ. ನೀರಿನ ಅಣು ನೇರವಾಗಿಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಆ ತುದಿಗೆ ಸ್ವಲ್ಪ ಋಣ, ಹೈಡ್ರೋಜನ್ ತುದಿಗಳಿಗೆ ಸ್ವಲ್ಪ ಧನ ಆವೇಶ ಬರುತ್ತದೆ. ಒಂದು ಅಣುವಿನ ಧನ ತುದಿ ಪಕ್ಕದ ಅಣುವಿನ ಋಣ ತುದಿಯನ್ನು ಹಿಡಿಯುತ್ತದೆ. ಹೀಗೆ ಒಂದೊಂದು ಅಣುವೂ ನಾಲ್ಕು ನೆರೆಯವರನ್ನು ಹಿಡಿಯಬಲ್ಲದು. ಮಂಜುಗಡ್ಡೆ ತೇಲುವುದೂ ಇದರಿಂದಲೇ. ಗುಂಪಿನಲ್ಲಿ ಒತ್ತಿಕೊಂಡು ನಿಂತ ಜನ ಕೈ ಚಾಚಿ ಒಬ್ಬರನ್ನೊಬ್ಬರು ಹಿಡಿದು ನಿಂತರೆ ಹೆಚ್ಚು ಜಾಗ ಬೇಕಾಗುವಂತೆ, ಹೆಪ್ಪುಗಟ್ಟಿದ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಹಿರೇಕೊಳಲೆ ಕೆರೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಇದು ನಮಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಚಳಿ ದೇಶದ ಕೆರೆಗಳಲ್ಲಿ ಮೀನು ಬದುಕಿರುವುದು ಮಾತ್ರ ಮೇಲೆ ತೇಲುವ ಆ ಗಡ್ಡೆಯ ಕೆಳಗೆ ನೀರು ನೀರಾಗಿಯೇ ಉಳಿಯುವುದರಿಂದ.

(ನೂರು ಡಿಗ್ರಿ ಅಂದದ್ದು ಸಮುದ್ರ ಮಟ್ಟದ ಲೆಕ್ಕ. ಚಿಕ್ಕಮಗಳೂರು ಪೇಟೆಯಲ್ಲಿ ನೀರು ಕುದಿಯುವುದು ಸುಮಾರು 96ರಲ್ಲಿ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 93-94ರಲ್ಲಿ.)

ಇಷ್ಟು ಹೇಳುವಷ್ಟರಲ್ಲಿ ಸಾಮಾನ್ಯವಾಗಿ ಬಸ್ಸು ಬಂದಿರುತ್ತದೆ ಅಥವಾ ಪಾಯಸ ಬಂದಿರುತ್ತದೆ. ಒಂದು ಸಲ ಮಾತ್ರ ಯಾರೂ ಏಳಲಿಲ್ಲ. ಮೂಡಿಗೆರೆ ಕಡೆ ದೊಡ್ಡಪ್ಪನ ತೋಟದ ಮನೆ, ಮಾರ್ಚ್ ತಿಂಗಳು, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಎಲ್ಲರೂ ಕಂಗಾಲಾಗಿದ್ದ ವರ್ಷ. ಹೊರಗೆ ಸ್ಪ್ರಿಂಕ್ಲರ್ ಜೆಟ್ಟು ಟಕ ಟಕ ಹೊಡೆಯುತ್ತಿತ್ತು, ಒಳಗೆ ಕಡುಬು, ಕೋಳಿ ಸಾರು. ದೊಡ್ಡಪ್ಪ ಎಲ್ಲರ ಮುಂದೆ ಕೇಳಿದರು, "ಅಲ್ಲ ಮಾರಾಯ್ತಿ, ನೀರಲ್ಲಿ ಅಷ್ಟು ವರ್ಷ ಓದಕ್ಕೆ ಎಂತ ಇದೆ? ಬರೀ ನೀರು!"

ಒಂದು ಇಂಚು ಬರೀ ನೀರಿಗಾಗಿ ಹಗಲು ರಾತ್ರಿ ಪಂಪು ಓಡಿಸುತ್ತಿರುವ ಮನುಷ್ಯ ಹೇಳುವ ಮಾತಾ ಇದು? ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರ್‌ಗೂ ಸ್ವಲ್ಪ ಜಾಸ್ತಿ. ಬೇಸಗೆಯ ಒಣಗಿಗೆ ಗಿಡದಲ್ಲಿ ಸುಮ್ಮನೆ ಕೂತ ಮೊಗ್ಗು ಆ ನೀರು ಸಿಕ್ಕ ಎಂಟು ಹತ್ತು ದಿನಕ್ಕೆ ಅರಳುತ್ತದೆ, ಸಿಗದಿದ್ದರೆ ವರ್ಷದ ಫಸಲು ಹೋಗುತ್ತದೆ. ನನಗೆ ಸಿಟ್ಟು ಬಂದಿತ್ತು. ಪಂಪಿನಿಂದಲೇ ಶುರು ಮಾಡಿದೆ.

"ದೊಡ್ಡಪ್ಪ, ಬಾವಿ ನೀರು ಇಳಿದರೆ ಪಂಪನ್ನು ಯಾಕೆ ಕೆಳಗಿಳಿಸ್ತೀರಿ?"

"ಮೇಲಿಂದ ಎಳಿಯಲ್ವಲ್ಲ, ಮತ್ತೆಂತ ಮಾಡದು."

ಅದೇ ಮಾತು. ಮೇಲಿಂದ ಹೀರುವ ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ. ಪೈಪಿನೊಳಗೆ ಒತ್ತಡ ತಗ್ಗಿಸುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಯ ಶಕ್ತಿ ಸಮುದ್ರ ಮಟ್ಟದಲ್ಲಿ 10 ಮೀಟರಿಗೆ ಮುಗಿಯುತ್ತದೆ. ನಮ್ಮ ಎತ್ತರದಲ್ಲಿ 9ರ ಸುಮಾರಿಗೇ ಮುಗಿಯುತ್ತದೆ, ಕೆಲಸದಲ್ಲಿ ಅಷ್ಟೂ ಸಿಗುವುದಿಲ್ಲ. ಎಷ್ಟು ಎಚ್‌ಪಿ ಮೋಟರ್ ತಂದರೂ ಈ ಲೆಕ್ಕ ಬದಲಾಗದು. ಹಾಗಾದರೆ ಮನೆ ಮುಂದೆ ನಿಂತಿರುವ ನೂರಡಿ ಸಿಲ್ವರ್ ಓಕ್ ಮರದ ತುದಿಗೆ ನೀರು ಹೋಗುವುದು ಹೇಗೆ? ಅಲ್ಲಿ ಯಾವ ಮೋಟರ್ ಇದೆ?

ಊಟದ ಕೋಣೆಯಲ್ಲಿ ಅಷ್ಟು ಹೊತ್ತು ಮಾತು ನಿಂತದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಬೇರು ತಳ್ಳುತ್ತದೆ ಅಂದರು ಒಬ್ಬರು. ಸ್ವಲ್ಪ ತಳ್ಳುತ್ತದೆ ನಿಜ, ಆದರೆ ನೂರಡಿಗೆ ಅದು ಸಾಲದು. ಉತ್ತರ ಕೊಟ್ಟವರು ಡಬ್ಲಿನ್ನಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ, 1894ರಲ್ಲಿ. ಎಲೆಯ ರಂಧ್ರಗಳಿಂದ ನೀರು ಆವಿಯಾದಾಗ ಹಿಂದಿನ ನೀರು ಆ ಜಾಗಕ್ಕೆ ಎಳೆಯಲ್ಪಡುತ್ತದೆ, ಅದರ ಹಿಂದಿನದು ಅದರ ಬೆನ್ನಿಗೆ. ಕಾಂಡದೊಳಗಿನ ಕೂದಲಿಗಿಂತ ಸಪೂರವಾದ ಕೊಳವೆಗಳಲ್ಲಿ ಎಲೆಯಿಂದ ಬೇರಿನವರೆಗೆ ನೀರಿನ ಕಂಬ ತುಂಡಾಗದೆ ಮೇಲಕ್ಕೆ ಬರುತ್ತದೆ. ಅಣು ಅಣುವನ್ನು ಬಿಡದೆ ಹಿಡಿದಿರುವುದಕ್ಕೇ ಇದು ಸಾಧ್ಯ. ದ್ರವವೊಂದು ಹಗ್ಗದ ಕೆಲಸ ಮಾಡುತ್ತದೆ! ನನ್ನ ಓದಿನಲ್ಲಿ ಇದಕ್ಕಿಂತ ಚೆಂದದ ಸಂಗತಿ ಬೇರೆ ಸಿಕ್ಕಿಲ್ಲ. ಈಗಲೂ ಕ್ಲಾಸಿನಲ್ಲಿ ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ.

ದೊಡ್ಡಪ್ಪ ಕಡುಬು ಮುರಿಯುತ್ತಾ ಹೇಳಿದರು, "ಹಾಗಾದ್ರೆ ಮರಕ್ಕೆ ಕರೆಂಟ್ ಬಿಲ್ ಇಲ್ಲ ಅನ್ನು."

ಬಿಲ್ ಇದೆ, ಕಟ್ಟುವುದು ಸೂರ್ಯ. ನೀರನ್ನು ಆವಿ ಮಾಡುವುದು ಅಗ್ಗದ ಕೆಲಸವಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100ಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಆರೂವರೆ ಪಟ್ಟಿಗೂ ಹೆಚ್ಚು ಬೇಕು. ಕಣದಲ್ಲಿ ಹರವಿದ ಕಾಫಿ ದಿನಗಟ್ಟಲೆ ಒಣಗುವುದು, ಬೆವರು ಆರಿದರೆ ಮೈ ತಣ್ಣಗಾಗುವುದು, ಎರಡಕ್ಕೂ ಇದೇ ಕಾರಣ.

ಅಷ್ಟು ಹೇಳಿ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಆ ಕಡೆ ಕೂತಿದ್ದ ಭಾವ ಬಾಯಿ ತೆರೆದರು. "ಅದೆಲ್ಲ ಸರಿ, ಈ ಹೊಸ ಮೆಷಿನ್ ನೀರು ಒಳ್ಳೇದಾ? ಅಣುಗಳನ್ನ ಸಾಲಾಗಿ ಜೋಡಿಸಿ ಕೊಡತ್ತಂತೆ. ಕ್ಷಾರೀಯ ಅಂತೆ." ಇದು ನನಗೆ ಬರುವ ಎರಡನೇ ಪ್ರಶ್ನೆ. ಇದಕ್ಕೆ ತಾಳ್ಮೆ ಇನ್ನೂ ಕಡಿಮೆ. ದ್ರವ ನೀರಿನಲ್ಲಿ ಒಂದು ಹೈಡ್ರೋಜನ್ ಬಂಧ ಬಾಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದ ಆಸುಪಾಸು. ಒಂದು ಮುರಿಯುತ್ತದೆ, ಇನ್ನೊಂದು ಕೂಡುತ್ತದೆ, ಇದು ನಿಲ್ಲುವುದೇ ಇಲ್ಲ. ಮೆಷಿನ್ ಯಾವ ಸಾಲು ಮಾಡಿಕೊಟ್ಟರೂ ಅದು ನಲ್ಲಿಯಿಂದ ಲೋಟಕ್ಕೆ ಬೀಳುವವರೆಗೂ ಉಳಿಯುವುದಿಲ್ಲ. ಇನ್ನು ಕ್ಷಾರ. ಅದನ್ನು ಅಳೆಯುವುದು ಪಿಎಚ್‌ನಲ್ಲಿ: 7 ಎಂದರೆ ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ. ಬೇರೆ ಲವಣದ ಬಲವಿಲ್ಲದೆ ಪಿಎಚ್ 9.5ಕ್ಕೆ ಏರಿಸಿದ ಒಂದು ಲೀಟರ್ ನೀರನ್ನು ತಟಸ್ಥ ಮಾಡಲು ಪಿಎಚ್ 2 ಇರುವ ಜಠರಾಮ್ಲ ಸುಮಾರು 3 ಮಿಲಿಲೀಟರ್ ಸಾಕು, ಒಂದು ಚಮಚಕ್ಕಿಂತ ಕಡಿಮೆ. ರಕ್ತದ ಪಿಎಚ್ಚನ್ನು 7.35 ಮತ್ತು 7.45ರ ನಡುವೆ ಕಾಯುವ ಕೆಲಸವನ್ನು ಶ್ವಾಸಕೋಶ, ಮೂತ್ರಪಿಂಡಗಳು ಮಾಡುತ್ತಿವೆ. ಸಾಲ ಮಾಡಿ ಆ ಮೆಷಿನ್ ಕೊಂಡವರನ್ನು ಬಲ್ಲೆ. ಮಾರುವವರ ಮೇಲೆ ನನಗಿರುವ ಕೋಪ ಇವತ್ತಿಗೂ ಇಳಿದಿಲ್ಲ.

ವಿಜ್ಞಾನಿಗಳೂ ಒಮ್ಮೆ ಇದೇ ಹಾದಿಯಲ್ಲಿ ಹೋಗಿದ್ದರು. 1960ರ ದಶಕದಲ್ಲಿ ಸೋವಿಯತ್ ದೇಶದ ಫೆದ್ಯಾಕಿನ್, ಆಮೇಲೆ ದೊಡ್ಡ ಹೆಸರಿನ ಡೆರ್ಯಾಗಿನ್, ಸಪೂರ ಗಾಜಿನ ನಾಳಗಳಲ್ಲಿ ಹೊಸ ಬಗೆಯ ನೀರು ಸಿಕ್ಕಿದೆ ಎಂದರು. ಮಾಮೂಲಿ ನೀರಿಗಿಂತ ಮಂದ, ಸಾಂದ್ರ, ಬೇಗ ಹೆಪ್ಪುಗಟ್ಟುವುದಿಲ್ಲ. ಪಾಲಿವಾಟರ್ ಎಂದು ಅದಕ್ಕೆ ಹೆಸರಾಯಿತು, ಅಮೆರಿಕದ ಪ್ರಯೋಗಾಲಯಗಳೂ ಅದರ ಹಿಂದೆ ಬಿದ್ದವು. ಕೊನೆಗೆ ಡೆನಿಸ್ ರೂಸೋ ಎಂಬ ವಿಜ್ಞಾನಿ ಆಟವಾಡಿ ಬಂದು ತನ್ನ ಬೆವರನ್ನೇ ಪರೀಕ್ಷಿಸಿದಾಗ ಅದರ ರೋಹಿತ (ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಗುರುತು) ಪಾಲಿವಾಟರಿನದ್ದನ್ನೇ ಹೋಲುತ್ತಿತ್ತು. 1973ರಲ್ಲಿ ಡೆರ್ಯಾಗಿನ್ ಕೂಡ ಒಪ್ಪಿಕೊಂಡರು: ನೀರು ಹಳೆಯದೇ, ಹೊಸ ಗುಣಗಳೆಲ್ಲ ಅದರಲ್ಲಿ ಕರಗಿದ್ದ ಕಲ್ಮಶದ್ದು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಈ ನೀರು ಏನನ್ನು ಕರಗಿಸಿಕೊಂಡು ಬಂದಿದೆ?

ಅಣುಗಳನ್ನು ಪರಸ್ಪರ ಹಿಡಿಸುವ ಅದೇ ಧನ ಋಣ ತುದಿಗಳು ಉಪ್ಪನ್ನೂ ಬಿಡಿಸುತ್ತವೆ. ನೀರಿನೊಳಗೆ ಎರಡು ಆವೇಶಗಳ ಸೆಳೆತ ನಿರ್ವಾತದಲ್ಲಿ ಇರುವುದರ 80ನೇ ಒಂದು ಭಾಗಕ್ಕೆ ಇಳಿಯುತ್ತದೆ, ಲವಣದ ಕಣಗಳು ಸುಲಭವಾಗಿ ಬಿಟ್ಟುಹೋಗುತ್ತವೆ. ಬಯಲುಸೀಮೆಯಲ್ಲಿ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ. ಪಾತ್ರೆಗೆ ಬಿಳಿ ಪೊರೆ ಕಟ್ಟುವ ಸುಣ್ಣದ ಅಂಶ ಕಣ್ಣಿಗೆ ಕಾಣುತ್ತದೆ, ಕುದಿಸಿದರೆ ಒಂದಷ್ಟು ತಳಕ್ಕೂ ಕೂರುತ್ತದೆ. ಫ್ಲೋರೈಡ್ ಕಾಣುವುದಿಲ್ಲ. ಬೇರೆ ಮೂಲವಿಲ್ಲದಾಗಲೂ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿ ಅದರ ಪ್ರಮಾಣ ಇನ್ನೂ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಸೋಸುವ ಹರಳು ತೆಗೆಯುತ್ತದೆ. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡಿದ ಮೇಲೆ ನೀರು ಪರೀಕ್ಷೆಗೆ ತರುವ ತಂದೆ ತಾಯಿಯನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಮೊದಲೇ ಯಾರಾದರೂ ಇದನ್ನು ಅವರಿಗೆ ಹೇಳಬೇಕಿತ್ತು.

ಮಲೆನಾಡಿನವರು ಇದನ್ನು ಓದಿ ನಮ್ಮ ಹಳ್ಳದ ನೀರು ಚೊಕ್ಕ ಎಂದು ಕೂರಬೇಡಿ. ಕೊಯ್ಲಿನ ಕಾಲದಲ್ಲಿ ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆ? ಕಾಫಿ ಹಣ್ಣಿನ ಸಿಪ್ಪೆ ತೆಗೆದು ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ಎಲ್ಲ ಕರಗಿರುತ್ತವೆ. ಸಕ್ಕರೆಗೆ ನೀರು ಕೊಡುವ ಜಾಗ ಧಾರಾಳ, ಲೀಟರಿಗೆ ಸುಮಾರು 2 ಕಿಲೋ ಕರಗುತ್ತದೆ. ಆಮ್ಲಜನಕದ ಅಣುವಿಗೆ ಧನ ಋಣ ತುದಿಗಳಿಲ್ಲ, ಅದಕ್ಕೆ ಜಾಗವೂ ಇಲ್ಲ. 20 ಡಿಗ್ರಿಯಲ್ಲಿ ನಮ್ಮ ಎತ್ತರದ ಒಂದು ಲೀಟರ್ ಹಳ್ಳದ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಮೀನು, ಏಡಿ, ಹುಳು ಎಲ್ಲ ಬದುಕಬೇಕಾದ್ದು ಅಷ್ಟರಲ್ಲೇ. ಸಂಸ್ಕರಿಸದ ಪಲ್ಪರ್ ನೀರಿನಲ್ಲಿರುವುದನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. ಲೆಕ್ಕಕ್ಕೆ 4000 ಎಂದಿಟ್ಟುಕೊಂಡರೆ, ಹಾಗೇ ಬಿಟ್ಟ ಒಂದು ಲೀಟರ್ 500 ಲೀಟರ್ ಹಳ್ಳದ ಉಸಿರನ್ನು ತೆಗೆಯುತ್ತದೆ. ಸುಣ್ಣ ಹಾಕಿ ಆಮ್ಲ ಇಳಿಸಿ, ತೊಟ್ಟಿಗಳಲ್ಲಿ ಕೊಳೆಸಿ, ಗಾಳಿ ಆಡಿಸಿ ಬಿಡುವ ತೋಟಗಳಿವೆ. ಕಡಿಮೆ ನೀರು ಬಳಸುವ ಪಲ್ಪರ್‌ಗಳು ಬಂದಿವೆ. ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡುವವರಿಗೆ ಈ ತಲೆನೋವೇ ಇಲ್ಲ. ಆದರೂ ಕತ್ತಲಾದ ಮೇಲೆ ಹಳ್ಳಕ್ಕೆ ಬಿಡುವವರು ಇದ್ದಾರೆ, ಅವರು ಯಾರೆಂದು ಕೆಳಗಿನ ಊರಿನವರಿಗೆ ಗೊತ್ತಿರುತ್ತದೆ.

ಒಬ್ಬ ವಿದ್ಯಾರ್ಥಿನಿ ಕ್ಲಾಸ್ ಮುಗಿದ ಮೇಲೆ ಬಂದು ಕೇಳಿದ್ದಳು: "ಮಿಸ್, ಡಿಸೆಂಬರಲ್ಲಿ ನಮ್ಮ ಹಳ್ಳದ ಮೀನು ಯಾಕೆ ಮೇಲೆ ಬಂದು ಬಾಯಿ ಬಿಡ್ತವೆ?" ಅದು ಕೊಯ್ಲಿನ ಕಾಲ, ಪಲ್ಪರ್ ನೀರು ಸೇರಿದ ಹಳ್ಳದಲ್ಲಿ ಗಾಳಿ ತಾಗುವ ಮೇಲ್ಪದರದಲ್ಲಿ ಮಾತ್ರ ಒಂದಿಷ್ಟು ಆಮ್ಲಜನಕ ಉಳಿದಿರುತ್ತದೆ, ಅದಕ್ಕೆ. ನೀರಿನ ಬಗ್ಗೆ ನನ್ನನ್ನು ಯಾರಾದರೂ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು.

ಹಳ್ಳದ ನೀರು ತರುವವರಿಗೆ ಒಂದು ಮಾತು. ಲವಣದ ಪರೀಕ್ಷೆಗಾದರೆ ಹೊಸ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ, ತುಂಬಿಸಿ, ಊರು, ಜಾಗ, ದಿನಾಂಕ ಬರೆದು ತನ್ನಿ. ಆಮ್ಲಜನಕದ ಪರೀಕ್ಷೆಗೆ ಮಾತ್ರ ನೀವು ತರಬೇಡಿ, ದಾರಿಯಲ್ಲೇ ಅದು ಬದಲಾಗುತ್ತದೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಹಳ್ಳದ ದಡದಲ್ಲೇ ಮ್ಯಾಂಗನೀಸ್ ಲವಣ ಮತ್ತು ಕ್ಷಾರ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿ. ಒಂದು ದಿನ ಮುಂಚೆ ತಿಳಿಸಿ. ಸಾಮಾನು ತೆಗೆದುಕೊಂಡು ನಾನೇ ಬರುತ್ತೇನೆ.