ಜನವರಿಯಲ್ಲಿ ನಾವೇ ಹಚ್ಚುವ ಬೆಂಕಿ

ಕಾಡಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳೋದು ನನ್ನ ಕೆಲಸ. ಪ್ರತಿ ವರ್ಷ ಜನವರಿ, ಫೆಬ್ರವರಿಯಲ್ಲಿ ಅದೇ ಕಾಡಿಗೆ ಬೆಂಕಿ ಹಚ್ಚೋದೂ ನನ್ನ ಕೆಲಸವೇ. ತಾಳವಾಡಿ ಕಡೆ ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿದವನು, ಈಗ ಫಾರೆಸ್ಟರ್. ಊರಿನವರು ಕೇಳುತ್ತಾರೆ: "ನಾವು ಒಂದು ಬೀಡಿ ಎಸೆದ್ರೆ ಕೇಸ್ ಹಾಕ್ತೀರಿ, ನೀವು ಮಾತ್ರ ಹೊಗೆ ಎಬ್ಬಿಸಬಹುದಾ?" ಕೇಳಬೇಕಾದ ಪ್ರಶ್ನೆಯೇ. ಟೀ ಅಂಗಡಿಯಲ್ಲಿ ನಿಂತು ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಾಳವಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ತಮಿಳುನಾಡಿನ ಈರೋಡ್ ಜಿಲ್ಲೆ. ಆದರೆ ನಮಗೆ ಚಾಮರಾಜನಗರವೇ ಹತ್ತಿರ. ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಮನೆಮಾತು ಕನ್ನಡ, ಆಫೀಸಿನ ಫೈಲು ತಮಿಳು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಲ್ಲೇ ಇದೆ. ಸುತ್ತಲೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2013ರಲ್ಲಿ ಘೋಷಣೆಯಾಗಿದ್ದು, 1,400 ಚದರ ಕಿಲೋಮೀಟರಿಗೂ ಜಾಸ್ತಿ ಇದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮುದುಮಲೆ, ಬಂಡೀಪುರದ ಕಾಡು.

ಹೆಚ್ಚಿನ ಭಾಗ ಎಲೆ ಉದುರುವ ಕಾಡು. ದಿಂಡಿಗ, ಹೊನ್ನೆ, ನೆಲ್ಲಿ, ಬಿದಿರು. ಹಿಂಗಾರು ಮಳೆ ಚೆನ್ನಾಗಿ ಬಂದರೆ ಹುಲ್ಲು ಎದೆಮಟ್ಟ ಬೆಳೆಯುತ್ತದೆ. ಸಂಕ್ರಾಂತಿ ಹೊತ್ತಿಗೆ ಹುಲ್ಲು ಒಣಗಲು ಶುರು, ಅದರ ಮೇಲೆ ಎಲೆ ಉದುರಲು ಶುರು. ಮಾರ್ಚಿಗೆ ಕಾಡಿನ ನೆಲವೆಲ್ಲ ಉರುವಲು. ಕಿಡಿಗೇನೂ ಬರವಿಲ್ಲ. ನಮ್ಮ ಕಡೆ ಕಾಡ್ಗಿಚ್ಚು ತಾನಾಗಿ ಹುಟ್ಟೋದು ಅಪರೂಪ, ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರ ಕೈಯಿಂದಲೇ. ದನಕ್ಕೆ ಎಳೆಹುಲ್ಲು ಚಿಗುರಲಿ ಅಂತ ಹಚ್ಚುವವರಿದ್ದಾರೆ. ಪೊರಕೆಗೆ ಈಚಲ ಗರಿ ಹೊಸದಾಗಿ ಬರಲಿ ಅಂತ ಹಚ್ಚುವವರಿದ್ದಾರೆ. ಜಿಂಕೆ ಉದುರಿಸಿದ ಕೊಂಬು ಕಾಣಲಿ ಅಂತ ಹಚ್ಚುವವರೂ ಇದ್ದಾರೆ. ಇನ್ನು ರಸ್ತೆ ಬದಿಯ ಬೀಡಿ, ಸಿಗರೇಟು ಇದ್ದೇ ಇದೆ.

ಗಾಳಿಯನ್ನು ತಡೆಯೋಕೆ ಆಗಲ್ಲ. ಎಲ್ಲರ ಜೇಬಿನ ಬೆಂಕಿಪೊಟ್ಟಣ ಕಿತ್ತುಕೊಳ್ಳೋಕೂ ಆಗಲ್ಲ. ಕೈಯಲ್ಲಿರೋದು ಉರುವಲು ಒಂದೇ. ಹಾಗಾಗಿ ಡಿಸೆಂಬರಿನಿಂದಲೇ ಜೀಪ್ ದಾರಿ, ಕಾಡಿನ ಗಡಿ, ಹೆದ್ದಾರಿಯ ಎರಡೂ ಬದಿ ಹುಲ್ಲು ಪೊದೆ ಕಡಿದು, ಒಣಗಲು ಬಿಟ್ಟು, ಆಮೇಲೆ ನಾವೇ ಸುಡುತ್ತೇವೆ. ಇದು ಬೆಂಕಿ ರೇಖೆ. ಅಗಲ ಜಾಗ ನೋಡಿಕೊಂಡು 3 ಮೀಟರೂ ಇರಬಹುದು, 10 ಮೀಟರೂ ಇರಬಹುದು. ಕೆಲವು ಕಡೆ ಎರಡು ರೇಖೆಗಳ ನಡುವಿನ ಪಟ್ಟಿಯನ್ನೂ ಸುಡುತ್ತೇವೆ. ಮಾರ್ಚಿನಲ್ಲಿ ಎಲ್ಲಿಂದಲೋ ಬಂದ ಬೆಂಕಿಗೆ ಅಲ್ಲಿ ತಿನ್ನಲು ಏನೂ ಸಿಗಬಾರದು, ಅಷ್ಟೇ.

ಹೇಳೋಕೆ ಸುಲಭ. ಯಾವತ್ತು ಸುಡಬೇಕು ಅನ್ನೋದರಲ್ಲೇ ಕಷ್ಟ ಇರೋದು.

ಮೇಲಿನಿಂದ ಬರುವ ಆದೇಶದಲ್ಲಿ ಒಂದು ತಾರೀಖು ಇರುತ್ತದೆ. ಇಂಥ ದಿನದೊಳಗೆ ಬೆಂಕಿ ರೇಖೆ ಮುಗಿದಿರಬೇಕು ಅಂತ. ತಾರೀಖು ಬೇಕು, ಇಲ್ಲದಿದ್ದರೆ ಯಾವ ಸರ್ಕಾರಿ ಕೆಲಸವೂ ಸಾಗಲ್ಲ. ಆದರೆ ಕೆಲವು ವರ್ಷ ಹಿಂಗಾರು ಡಿಸೆಂಬರ್ ಕೊನೆಯವರೆಗೂ ಎಳೆಯುತ್ತದೆ. ಆಗ ಸಂಕ್ರಾಂತಿ ದಾಟಿದರೂ ಹುಲ್ಲಿನ ಬುಡ ಹಸಿರಾಗೇ ಇರುತ್ತದೆ. ಅದಕ್ಕೆ ಬೆಂಕಿ ಕೊಟ್ಟರೆ ತುದಿ ಕರಕಲಾಗಿ ಬುಡ ಹಾಗೇ ಉಳಿಯುತ್ತದೆ. ರಿಜಿಸ್ಟರಿನಲ್ಲಿ ಸುಟ್ಟಾಯ್ತು ಅಂತ ಬರೆಯಬಹುದು. ಮಾರ್ಚಿನಲ್ಲಿ ಅದೇ ಜಾಗ ಮತ್ತೊಮ್ಮೆ ಉರಿಯುತ್ತದೆ, ಈ ಸಲ ನಮ್ಮನ್ನು ಕೇಳದೆ.

ಇದನ್ನು ನನಗೆ ಕಲಿಸಿದವರು ನಮ್ಮ ಹಿರಿಯ ಫೈರ್ ವಾಚರ್. ಇಲ್ಲಿನ ಕಾಡಿನ ಸೋಲಿಗ ಬುಡಕಟ್ಟಿನವರು. ಇಡೀ ರೇಂಜಿಗೆ ಅವರು ತಾತ. ಅವರ ಪರೀಕ್ಷೆಗೆ ಯಾವ ಮೀಟರೂ ಬೇಕಿಲ್ಲ. ತರಗಿನ ರಾಶಿಗೆ ಕೈ ಹಾಕಿ ಮೂರು ಕಡೆಯಿಂದ ಎಲೆ ತೆಗೆಯುತ್ತಾರೆ. ಮೇಲಿನದು, ನಡುವಿನದು, ಮಣ್ಣಿಗೆ ಅಂಟಿದ್ದು. ಮೇಲಿನದು ಹಪ್ಪಳದ ಹಾಗೆ ಮುರಿಯಬೇಕು. ಮಣ್ಣಿಗೆ ಅಂಟಿದ್ದು ಕೈಗೆ ತಣ್ಣಗೆ ತಾಗಬೇಕು. ಎರಡೂ ಹಸಿಯಿದ್ದರೆ ಎದ್ದು ಕೈ ಒರೆಸಿಕೊಳ್ಳುತ್ತಾರೆ. "ಇನ್ನೂವೆ ಹಸಿ ಅದ ಸಾ, ಇವತ್ತು ಬರೀ ಹೊಗೆ ಬತ್ತದ." ಎರಡೂ ಒಣಗಿದ್ದರೆ ಇನ್ನೂ ಗಂಭೀರ. ಆ ಜಾಗ ಈ ವರ್ಷಕ್ಕೆ ಬೇಡ ಅಂತ ಅರ್ಥ.

ತಳದ ತೇವ ಯಾಕೆ ಬೇಕು ಅಂದರೆ, ಬೆಂಕಿ ಮೇಲಿನ ಪದರವನ್ನಷ್ಟೇ ತಿಂದು ಮುಂದೆ ಹೋಗಬೇಕು. ತಳವೂ ಒಣಗಿದ್ದರೆ ಬೆಂಕಿ ಅಲ್ಲೇ ಕೂತು ನಿಧಾನಕ್ಕೆ ಬೇಯುತ್ತದೆ. ಬೇರು, ಬೀಜ, ಮಣ್ಣಿನ ಹುಳ ಎಲ್ಲ ಹೋಗುತ್ತವೆ. ಮೇಲೆ ಒಣ, ಕೆಳಗೆ ತೇವ ಅನ್ನುವ ಈ ಸ್ಥಿತಿ ಒಂದು ಜಾಗದಲ್ಲಿ ಎರಡು ಮೂರು ವಾರ ಇದ್ದರೆ ಹೆಚ್ಚು. ಅದೂ ಎಲ್ಲ ಕಡೆ ಒಟ್ಟಿಗೆ ಬರಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಒಣಗುತ್ತದೆ, ಹಳ್ಳದ ಪಕ್ಕ ಕೊನೆಗೆ. ಹಾಗಾಗಿ ನಾನು ಈಗ ಒಂದು ತಾರೀಖಿನ ಬದಲು ಜಾಗಗಳ ಪಟ್ಟಿ ಇಟ್ಟುಕೊಳ್ಳುತ್ತೇನೆ. ಯಾವುದು ಸಿದ್ಧವೋ ಅದು ಇವತ್ತು. ಮೇಲಿನವರಿಗೆ ವರದಿ ಕೊಡುವಾಗ ಇದರಿಂದ ತಲೆನೋವು ಜಾಸ್ತಿ, ನಿಜ. ಆದರೆ ಕೂಲಿ ದುಡ್ಡು ವ್ಯರ್ಥ ಆಗಲ್ಲ.

ತರಬೇತಿಯಲ್ಲಿ ಮೂವತ್ತರ ಲೆಕ್ಕ ಅಂತ ಒಂದು ಹೇಳಿಕೊಡುತ್ತಾರೆ. ಬಿಸಿಲು 30 ಡಿಗ್ರಿಗಿಂತ ಮೇಲೆ, ಗಾಳಿಯ ತೇವಾಂಶ ಶೇಕಡಾ 30ಕ್ಕಿಂತ ಕೆಳಗೆ, ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರಿಗಿಂತ ಮೇಲೆ. ಮೂರೂ ಸೇರಿದರೆ ಬೆಂಕಿ ಯಾರ ಮಾತೂ ಕೇಳಲ್ಲ. ಒಳ್ಳೆಯ ಲೆಕ್ಕ, ನಾನೂ ಮೀಟರ್ ಹಿಡಿದು ನೋಡುತ್ತೇನೆ. ಆದರೆ ಅದು ಯಾವತ್ತು ಅಪಾಯ ಅಂತ ಹೇಳುತ್ತದೆ. ಯಾವತ್ತು ಕೆಲಸ ಆಗುತ್ತದೆ ಅಂತ ತಾತನ ಕೈಯೇ ಹೇಳಬೇಕು.

ಸುಡುವ ದಿನ ಮೊದಲ ಕೆಲಸ ಆನೆ ಎಲ್ಲಿವೆ ಅಂತ ನೋಡೋದು. ಹೊಗೆಗೆ ಬೆದರಿದ ಆನೆ ನಮ್ಮ ಕಡೆಯೇ ನುಗ್ಗಬಹುದು. ಪ್ರಾಣಿಗಳು ಹೊರಡಲು ಒಂದು ಕಡೆ ಯಾವಾಗಲೂ ಖಾಲಿ ಬಿಡಬೇಕು, ನಾಲ್ಕೂ ಕಡೆಯಿಂದ ಸುತ್ತುವರಿದು ಹಚ್ಚಬಾರದು. ಆಮೆಯಂಥವು ಓಡಲ್ಲ, ಅವನ್ನು ಹುಡುಗರು ಮೊದಲೇ ಹುಡುಕಿ ಎತ್ತಿ ಆಚೆ ಬಿಡುತ್ತಾರೆ. ಪೊಟರೆ ಇರುವ ಹಳೆ ಮರ, ಒಣಗಿ ನಿಂತ ಮರ, ಸತ್ತ ಬಿದಿರಿನ ಮೆಳೆ, ಇವುಗಳ ಬುಡದಲ್ಲಿ ತರಗು ಗುಡಿಸಿ ಬರಿನೆಲ ಮಾಡಬೇಕು. ಈಗ ಬ್ಲೋವರ್ ಬಂದಿದೆ, ದಾರಿಯ ತರಗು ಹಾರಿಸೋಕೆ ಬಹಳ ಅನುಕೂಲ. ಉಳಿದದ್ದೆಲ್ಲ ಹಳೆಯದೇ. ಮಚ್ಚು, ಬೆನ್ನಿನ ಸ್ಪ್ರೇ ಪಂಪು, ಹಸಿ ಸೊಪ್ಪಿನ ಕೊಂಬೆ. ಬಟ್ಟೆ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ಟೀ ಶರ್ಟ್ ಹಾಕಿಕೊಂಡು ಬಂದ ಹುಡುಗನನ್ನು ವಾಪಸ್ ಕಳಿಸುತ್ತೇನೆ. ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ಆಮೇಲೆ ಗಾಳಿ. ಒಂದು ಹಿಡಿ ಬೂದಿ ಎಸೆದರೆ ದಿಕ್ಕು ಗೊತ್ತಾಗುತ್ತದೆ. ಹೊಸಬರು ಗಾಳಿ ಬರುವ ಕಡೆ ಹಚ್ಚಲು ಹೋಗುತ್ತಾರೆ, ಬೇಗ ಮುಗಿಯಲಿ ಅಂತ. ಹಚ್ಚಬೇಕಾದ್ದು ಗಾಳಿ ಹೋಗುವ ಕಡೆಯ ಅಂಚಿನಲ್ಲಿ. ಆಗ ಬೆಂಕಿ ಗಾಳಿಗೆ ಎದುರಾಗಿ ತೆವಳುತ್ತದೆ. ಜ್ವಾಲೆ ಗಿಡ್ಡ, ವೇಗ ಕಡಿಮೆ, ಕೊಂಬೆಯಿಂದ ಹೊಡೆದರೂ ಆರುತ್ತದೆ. ಆ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ ಆದಮೇಲೆಯೇ ಉಳಿದ ಬದಿಗಳು. ಇಳಿಜಾರಿನಲ್ಲೂ ಹಾಗೇ, ಮೇಲಿನಿಂದ ಕೆಳಕ್ಕೆ. ಬೆಂಕಿ ಏರು ಹತ್ತುವಾಗ ಪ್ರತಿ 10 ಡಿಗ್ರಿಗೆ ವೇಗ ಸುಮಾರು ದುಪ್ಪಟ್ಟಾಗುತ್ತದೆ. ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಚಾರಣಿಗರು ಸಿಕ್ಕಿಕೊಂಡಿದ್ದು ಇಂಥ ಹುಲ್ಲಿನ ಇಳಿಜಾರಿನಲ್ಲೇ. 20ಕ್ಕೂ ಹೆಚ್ಚು ಜನ ಹೋದರು. ಹೊಸ ಹುಡುಗರಿಗೆ ನಾನು ಹೇಳೋದು ಇಷ್ಟೇ: ಗಾಳಿ ತಿರುಗಿದರೆ ಮೇಲಕ್ಕೆ ಓಡಬೇಡಿ, ಸುಟ್ಟು ಕಪ್ಪಾದ ಜಾಗಕ್ಕೆ ಬನ್ನಿ. ಸುಟ್ಟದ್ದು ಮತ್ತೆ ಉರಿಯಲ್ಲ.

ಹೊತ್ತೂ ಮುಖ್ಯ. ಜನವರಿ ಮೊದಲ ವಾರಗಳಲ್ಲಿ ಇಬ್ಬನಿ ಆರೋಕೇ ಹತ್ತು ಹನ್ನೊಂದು ಗಂಟೆ ಆಗುತ್ತದೆ. ಆಗ ನಡುಮಧ್ಯಾಹ್ನವೇ ಸರಿ. ಫೆಬ್ರವರಿಗೆ ಬಂದರೆ ಸಂಜೆ ನಾಲ್ಕರ ಮೇಲೆ. ಬೆಂಕಿ ರಾತ್ರಿಯ ತಂಪಿಗೆ ಹೋಗಿ ಸೇರುವ ಹಾಗಿರಬೇಕು, ಬಿಸಿಲಿಗಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರಲ್ಲ, ಅದಾದ ಮೇಲೆ ಇಬ್ಬನಿಯ ಸಹಾಯವೂ ಇಲ್ಲ. ಅಷ್ಟರೊಳಗೆ ಆಗದೆ ಉಳಿದ ಜಾಗವನ್ನು ಬರೀ ಕಡಿದು ಗುಡಿಸಿ ಬಿಡುತ್ತೇವೆ, ಬೆಂಕಿ ಕೊಡಲ್ಲ. ಬೇಗ ಮುಗಿಸೋದರಿಂದ ಇನ್ನೊಂದು ಲಾಭ ಇದೆ. ಕಾಡುಕೋಳಿಯಂಥ ನೆಲದ ಹಕ್ಕಿಗಳಲ್ಲಿ ಹೆಚ್ಚಿನವು ಮೊಟ್ಟೆ ಇಡೋದು ಆಮೇಲೆ.

ಜ್ವಾಲೆ ಆರಿದ ಮೇಲಿನ ಕೆಲಸವನ್ನು ಯಾರೂ ಫೋಟೋ ತೆಗೆಯಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅಲ್ಲೇ ಇದೆ. ಬಿದ್ದ ಮರದ ದಿಮ್ಮಿ ಒಳಗೊಳಗೇ ಉರಿಯುತ್ತಿರುತ್ತದೆ. ಆನೆ ಲದ್ದಿ ಇನ್ನೂ ಮೋಸ. ಮೇಲೆ ಬೂದಿ, ಒಳಗೆ ಕೆಂಡ. ಮರುದಿನ ಮಧ್ಯಾಹ್ನದ ಗಾಳಿಗೆ ಒಂದು ಲದ್ದಿ ಉರುಳಿ ರೇಖೆ ದಾಟಿದರೆ ಮುಗಿಯಿತು. ಹಾಗಾಗಿ ಅಂಚಿನುದ್ದಕ್ಕೂ ಒಂದೊಂದನ್ನೂ ಒಡೆದು, ಕೈಹಿಂಬದಿ ಹತ್ತಿರ ಹಿಡಿದು ಕಾವು ನೋಡಿ, ಮಣ್ಣು ಮುಚ್ಚಬೇಕು. ರಾತ್ರಿ ಕಾವಲು ಇರಬೇಕು, ಬೆಳಿಗ್ಗೆ ಮತ್ತೊಂದು ಸುತ್ತು.

ಇಲ್ಲಿ ಉಪಗ್ರಹವೂ ನಮ್ಮ ಜೊತೆ ಕೈಜೋಡಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಲ್ಲಿ ಕಂಡ ಬೆಂಕಿಯನ್ನು ನಮ್ಮ ಮೊಬೈಲಿಗೆ ಎಸ್‌ಎಂಎಸ್ ಮಾಡುತ್ತಾರೆ. ವಿಐಐಆರ್‌ಎಸ್ ಅನ್ನುವ ಉಪಕರಣ ನೆಲವನ್ನು 375 ಮೀಟರಿನ ಚೌಕಗಳಾಗಿ ನೋಡುತ್ತದೆ. ನಮ್ಮ ತಲೆ ಮೇಲೆ ಹೋಗೋದು ಸುಮಾರು ಮಧ್ಯಾಹ್ನ ಒಂದೂವರೆಗೆ, ರಾತ್ರಿ ಒಂದೂವರೆಗೆ. ಸಂಜೆ ಹಚ್ಚಿದ್ದಕ್ಕೆ ರಾತ್ರಿಯ ಪಾಳಿಯಲ್ಲಿ ಮೆಸೇಜ್ ಬಂತು ಅಂದರೆ, ಅಲ್ಲಿ ಏನೋ ಚೆನ್ನಾಗೇ ಉರಿಯುತ್ತಿದೆ ಅಂತ ಗೊತ್ತಾಗುತ್ತದೆ. ಬೇರೆಯವರಿಗೆ ಅದು ಎಚ್ಚರಿಕೆ, ನನಗೆ ನಮ್ಮದೇ ಕೆಲಸದ ತಪಾಸಣೆ. ಮೆಸೇಜ್ ಬರಲಿಲ್ಲ ಅಂತ ಮಲಗೋ ಹಾಗಿಲ್ಲ ಅನ್ನಿ. ಒಂದು ಲದ್ದಿಯ ಕೆಂಡ ಅಷ್ಟು ಮೇಲಿನಿಂದ ಕಾಣಲ್ಲ.

ಇನ್ನು ಲಂಟಾನ, ಹೊರಗಿನಿಂದ ಬಂದು ಕಾಡಿನಲ್ಲಿ ಹಬ್ಬಿರುವ ಪೊದೆ. ಈ ಮಾತು ಬಂದರೆ ತಾತ ಸುಮ್ನೆ ಇರಲ್ಲ. ಸೋಲಿಗರ ಹಿರಿಯರು ಚಳಿಗಾಲದ ಕೊನೆಗೆ ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅಂತಲೇ ಅದರ ಹೆಸರು. "ಆಗ ಬೆಂಕಿ ಮೊಣಕಾಲು ದಾಟ್ತಿರ್ನಿಲ್ಲ ಸಾ" ಅನ್ನುತ್ತಾರೆ ತಾತ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು, ಬೆಂಕಿ ನಿಂತಿತು. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ವನ್ಯಧಾಮಕ್ಕೆ ಬೆಂಕಿ ಇಡೋದು ಅಪರಾಧ. ತರಗು ಬೆಂಕಿ ನಿಂತ ಮೇಲೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು (ಮರದ ಮೇಲೆ ಬೆಳೆದು ಅದರ ರಸ ಹೀರುವ ಬಂದಳಿಕೆ) ಜಾಸ್ತಿ ಆಯಿತು ಅನ್ನೋದು ಸೋಲಿಗರ ಮಾತು. ಏಟ್ರೀ ಸಂಸ್ಥೆಯ ಸಂಶೋಧಕರು ಇದನ್ನು ದಾಖಲಿಸಿದ್ದಾರೆ. ಬೆಂಕಿಯೇ ಲಂಟಾನಕ್ಕೆ ದಾರಿ ಮಾಡಿಕೊಡುತ್ತದೆ ಅನ್ನುವ ಸಂಶೋಧಕರೂ ಇದ್ದಾರೆ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಒಂದೊಂದು ಮರವನ್ನೂ ಅಳೆದು ಲೆಕ್ಕ ಇಡುತ್ತಿದ್ದಾರೆ. ಬೆಂಕಿ ಬಿದ್ದ ವರ್ಷ ದೊಡ್ಡ ಮರ ತಡೆದುಕೊಳ್ಳುತ್ತದೆ, ಎಳೆಯ ಗಿಡ ಹೋಗುತ್ತದೆ ಅಂತ ಅಲ್ಲಿ ಕಂಡಿದೆ. ಅಂದರೆ ಒಂದೇ ಜಾಗಕ್ಕೆ ವರ್ಷ ವರ್ಷವೂ ಬೆಂಕಿ ಕೊಟ್ಟರೆ ನಾಳೆಯ ಮರವೇ ಇರಲ್ಲ.

ನಾನು ಕಂಡಿದ್ದು ಹೇಳುತ್ತೇನೆ. ಹುಲ್ಲು, ತರಗು ಇರುವ ಕಡೆ ಬೆಂಕಿ ನೆಲದಲ್ಲೇ ಹೋಗುತ್ತದೆ. ಲಂಟಾನ ಆಳೆತ್ತರ ಬೆಳೆದ ಕಡೆ ಅದೇ ಬೆಂಕಿ ಪೊದೆ ಹತ್ತಿ, ಪೊದೆಯಿಂದ ಮರ ಹತ್ತುತ್ತದೆ. ಸುಟ್ಟ ಮೇಲೂ ಲಂಟಾನದ ಬುಡ ಸಾಯಲ್ಲ, ಮಳೆ ಬಿದ್ದರೆ ಚಿಗುರುತ್ತದೆ. ಹಾಗಾಗಿ ತಾತನ ಕಾಲದ ಬೆಂಕಿಯನ್ನು ಇವತ್ತಿನ ಕಾಡಿಗೆ ಹಾಗೇ ತರೋಕೆ ಆಗಲ್ಲ. ಇದು ಅವರಿಗೂ ಗೊತ್ತು, ಒಪ್ಪಿಕೊಳ್ಳೋಕೆ ಬೇಜಾರು ಅಷ್ಟೇ. ಮೊದಲು ಲಂಟಾನವನ್ನು ಬುಡದ ಗಂಟಿನ ಕೆಳಗೆ ಕಡಿದು, ಕಿತ್ತು, ತಲೆಕೆಳಗು ಮಾಡಿ ಒಣಗಿಸಬೇಕು. ಹುಲ್ಲು ವಾಪಸ್ ಬರಬೇಕು. ಬೆಂಕಿಯ ಮಾತು ಆಮೇಲೆ, ಅದೂ ಕೆಲವು ವರ್ಷಕ್ಕೊಮ್ಮೆ. ಲಂಟಾನ ತುಂಬಿದ ಬ್ಲಾಕ್‌ಗಳ ಒಳಕ್ಕೆ ನಾವು ಬೆಂಕಿ ಒಯ್ಯೋದೇ ಇಲ್ಲ, ಅಂಚಿನ ರೇಖೆ ಮಾತ್ರ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಅಷ್ಟು ದೊಡ್ಡದಾದ ಮೇಲೆ ಸೊಪ್ಪಿನ ಕೊಂಬೆ ಹಿಡಿದವನು ಮಾಡೋದು ಏನೂ ಇಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಮುಗಿಸೋದು ದಿಂಬಂ ರಸ್ತೆಯ ಬದಿಯ ರೇಖೆ. ಘಾಟಿಯ ಬುಡದಲ್ಲಿರುವ ಬಣ್ಣಾರಿ ಅಮ್ಮನ ಕೊಂಡ ಮಾರ್ಚ್, ಏಪ್ರಿಲಿನಲ್ಲಿ ಬರುತ್ತದೆ. ಮೈಸೂರು, ಚಾಮರಾಜನಗರದ ಕಡೆಯಿಂದಲೂ ಜನ ಬರುತ್ತಾರೆ. ಘಾಟಿಯಲ್ಲಿ ಗಾಡಿ ನಿಲ್ಲಿಸಿ ಒಲೆ ಹೂಡುವವರು, ಸಿಗರೇಟು ಸೇದುವವರು ಇರುತ್ತಾರೆ. ಅಲ್ಲಿ ಬೋರ್ಡಿಗಿಂತ ಸುಟ್ಟ ಪಟ್ಟಿಯ ಮೇಲೆ ನನಗೆ ನಂಬಿಕೆ.

ಕಾಡಂಚಿನ ರೈತರಿಗೆ ಒಂದು ಮಾತು. ಕಬ್ಬಿನ ತರಗು, ಜೋಳದ ಕಡ್ಡಿಗೆ ಬೆಂಕಿ ಕೊಡದೆ ಮಣ್ಣಿಗೇ ಸೇರಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಕೊಡಲೇಬೇಕು ಅಂದರೆ ಕಾಡಿನ ಕಡೆಯ ಬದುವಿನಲ್ಲಿ 3 ಮೀಟರ್ ಬರಿನೆಲ ಮಾಡಿ, ಸಂಜೆ ಗಾಳಿ ಬಿದ್ದ ಮೇಲೆ ಹಚ್ಚಿ, ಆರುವವರೆಗೂ ಅಲ್ಲೇ ಇರಿ. ಹಿಂದಿನ ದಿನವೇ ಬೀಟ್ ಗಾರ್ಡಿಗೆ ಒಂದು ಫೋನ್ ಮಾಡಿ. ಪಂಪು ಹೊತ್ತ ಇಬ್ಬರು ವಾಚರ್‌ಗಳನ್ನು ಕಳಿಸುತ್ತೇವೆ, ಅದಕ್ಕೆ ದುಡ್ಡೂ ಕೊಡಬೇಕಾಗಿಲ್ಲ, ಕೇಸೂ ಆಗಲ್ಲ.