ಕಿವಿ ಪರೀಕ್ಷೆ ದಿನ

ಇವತ್ತು ಅತ್ತೆಯನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆ. 1965ರಲ್ಲಿ ಶುರುವಾದದ್ದು, ಈಗ ಮಾನಸಗಂಗೋತ್ರಿಯಲ್ಲಿದೆ, ಊರಲ್ಲೆಲ್ಲ ಆಯಿಷ್ ಅಂತಲೇ ಹೆಸರು.

ಸದ್ದಿಲ್ಲದ ಕೋಣೆಯಲ್ಲಿ ಅತ್ತೆಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ದಪ್ಪ ಸ್ವರಕ್ಕೆ ಬೆರಳು ಥಟ್ಟನೆ ಮೇಲೆ ಹೋಯಿತಂತೆ, ಚೂಪು ಸ್ವರಕ್ಕೆ ಏಳಲೇ ಇಲ್ಲ. ಸ, ಶ, ತ ಥರದ ಅಕ್ಷರಗಳ ಸದ್ದು ಇರೋದೇ ಆ ಮೇಲಿನ ಸ್ವರಗಳಲ್ಲಿ. "ಕೇಳಿಸುತ್ತೆ ಕಣೇ, ಏನಂದೆ ಅಂತ ಗೊತ್ತಾಗಲ್ಲ" ಅಂತ ಅವರು ಯಾವಾಗಲೂ ಹೇಳುತ್ತಿದ್ದುದು ಇದಕ್ಕೇ. ಇಂಥವರ ಮುಂದೆ ಜೋರಾಗಿ ಕೂಗಿ ಪ್ರಯೋಜನ ಇಲ್ಲ. ಮುಖ ನೋಡಿ ನಿಧಾನವಾಗಿ ಮಾತಾಡಬೇಕು.

ಹೊರಗೆ ಒಬ್ಬ ತಾಯಿ ಕೂಸನ್ನು ಮಲಗಿಸುತ್ತಿದ್ದರು. ಬೆರಾ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಸದ್ದಿಗೆ ನರ ಹೇಗೆ ಸ್ಪಂದಿಸುತ್ತೆ ಅಂತ ನೋಡುತ್ತಾರೆ. ಮಗು ಬಾಯಿಬಿಟ್ಟು ಏನೂ ಹೇಳಬೇಕಿಲ್ಲ! ಹುಟ್ಟಿದ ಕೂಸಿಗೆ ಮಾಡುವ ಮೊದಲ ಪರೀಕ್ಷೆಯಂತೂ ಕೆಲವೇ ನಿಮಿಷ, ನೋವಿಲ್ಲ. 1 ತಿಂಗಳೊಳಗೆ ಅದು ಆಗಬೇಕು, 3 ತಿಂಗಳೊಳಗೆ ತೊಂದರೆ ಖಚಿತವಾಗಬೇಕು, 6 ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. "ಗಂಡುಮಗು, ಮಾತು ತಡ" ಅಂತ ಸುಮ್ನೆ ಕಾಯುವ ಮನೆಗಳನ್ನು ನೋಡಿದಾಗ ಸಂಕಟವಾಗುತ್ತೆ. ಮಾತು ಕಲಿಯೋದೇ ಕಿವಿಯಿಂದ ಅಲ್ವಾ?

ಕಿವಿ ಕೇಳಿಸುವ ಮಷೀನ್‌ಗೆ ಅಂತ ಅತ್ತೆಯ ಕಿವಿಯ ಅಚ್ಚು ತೆಗೆದುಕೊಂಡಿದ್ದಾರೆ. ಎರಡೂ ಕಿವಿಗೆ ಮಷೀನ್ ಬೇಕು ಅಂತ ಅತ್ತೆಯೇ ಹೇಳಿ ಬಂದರು.