ಇಸ್ರೇಲಿಗರ ದೇವರಿಗೆ ಮೂರ್ತಿಯೇ ಇರಲಿಲ್ವಾ?

ಬೈಬಲಿನ ಹಳೆಯ ಒಡಂಬಡಿಕೆಯ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಆ ಕಾಲದ ಇಸ್ರೇಲಿಗರು ಮೂರ್ತಿಪೂಜೆ ಮಾಡುತ್ತಲೇ ಇರಲಿಲ್ಲ ಅಲ್ವಾ?"

ಮಾಡುತ್ತಿದ್ದರು. ಎಲ್ಲರೂ ಅಲ್ಲ, ಎಲ್ಲ ಕಾಲದಲ್ಲೂ ಅಲ್ಲ. ಪ್ರವಾದಿಗಳು ಅಷ್ಟು ಸಲ ಗದರಿದ್ದು ಸುಮ್ನೆ ಅಲ್ಲ. ಯಾರೂ ಮಾಡದ ಕೆಲಸವನ್ನು ಬೇಡ ಬೇಡ ಅಂತ ಯಾರು ಹೇಳುತ್ತಾರೆ?

ಸಿನಾಯ್ ಮರುಭೂಮಿಯಲ್ಲಿ ಕುಂತಿಲ್ಲೆತ್ ಅಜ್ರುದ್ ಅಂತ ಒಂದು ಜಾಗವಿದೆ. 1975-76ರಲ್ಲಿ ಪುರಾತತ್ವಜ್ಞ ಜೀವ್ ಮೆಶೆಲ್ ಅಲ್ಲಿ ಅಗೆಸಿದಾಗ ಕ್ರಿ.ಪೂ. 800ರ ಸುಮಾರಿನ ದೊಡ್ಡ ಗುಡಾಣಗಳು ಸಿಕ್ಕವು. ಒಂದರ ಮೇಲೆ ಯಾರೋ ಬರೆದಿದ್ದಾರೆ: ಸಮಾರ್ಯದ ಯೆಹೋವ ಮತ್ತು ಆತನ ಅಶೇರದ ಹೆಸರಲ್ಲಿ ನಿಮ್ಮನ್ನು ಹರಸುತ್ತೇನೆ. ಯೆಹೋವ ಇಸ್ರೇಲಿಗರ ದೇವರು, ಸಮಾರ್ಯ ಅವರ ಉತ್ತರ ರಾಜ್ಯದ ರಾಜಧಾನಿ. ಅಶೇರ ಅದೇ ನೆಲದ ಕಾನಾನ್ಯರ ದೇವಿ. ಆಕೆಯ ಗುರುತಾಗಿ ನೆಡುತ್ತಿದ್ದ ಮರದ ಕಂಬಕ್ಕೂ ಅದೇ ಹೆಸರು. ಇಲ್ಲಿ ದೇವಿಯೋ ಕಂಬವೋ ಅಂತ ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ: ಹರಸುವಾಗ ಅದನ್ನು ಬರೆದವನಿಗೆ ಯೆಹೋವನ ಹೆಸರೊಂದೇ ಸಾಕಾಗಲಿಲ್ಲ. ಹೆಬ್ರೋನಿನ ಹತ್ತಿರದ ಒಂದು ಸಮಾಧಿಯಲ್ಲೂ ಇಂಥದೇ ಬರಹವಿದೆ.

ದಕ್ಷಿಣದ ಯೆಹೂದ ರಾಜ್ಯದ ಮನೆಗಳಲ್ಲಿ ಸಿಕ್ಕ ಮಣ್ಣಿನ ಹೆಣ್ಣುಬೊಂಬೆಗಳಂತೂ ನೂರಾರು. ಕೆಳಗೆ ಕಂಬದ ಹಾಗೆ, ಮೇಲೆ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡ ಹೆಂಗಸು. ಮಗುವಿಗಾಗಿ, ಎದೆಹಾಲಿಗಾಗಿ ಬೇಡಿಕೊಂಡ ತಾಯಂದಿರವು ಇರಬೇಕು ಅಂತ ನನಗನ್ನಿಸುತ್ತದೆ. ಅವರ ಮಾತನ್ನು ಯಾವ ಗ್ರಂಥವೂ ಬರೆದಿಡಲಿಲ್ಲ.

ಯೆರೂಸಲೇಮಿನಲ್ಲಿ ಅರಸ ಸೊಲೊಮೋನ ಕಟ್ಟಿಸಿದ ದೇವಾಲಯದಲ್ಲಿ ಯೆಹೋವನ ಮೂರ್ತಿ ಇತ್ತೆಂದು ಬೈಬಲ್ ಹೇಳುವುದಿಲ್ಲ. ಆದರೆ ಗರ್ಭಗುಡಿ ಬರಿದಾಗಿರಲಿಲ್ಲ. ಚಿನ್ನ ಹೊದಿಸಿದ ಎರಡು ಕೆರೂಬಿಗಳು, ಅಂದರೆ ರೆಕ್ಕೆಯುಳ್ಳ ದೈವಿಕ ಜೀವಿಗಳ ಆಕೃತಿಗಳು, ಹತ್ತು ಮೊಳ ಎತ್ತರ, ಗೋಡೆಯಿಂದ ಗೋಡೆಗೆ ಚಾಚಿದ ರೆಕ್ಕೆ. ದೇವರ ಆಸನ ಅದು, ಕೂತವನು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಮೋಶೆ ಮಾಡಿದ್ದೆಂದು ನಂಬಿದ್ದ ಕಂಚಿನ ಹಾವಿಗೂ ಜನ ಧೂಪ ಹಾಕುತ್ತಿದ್ದರು. ಅದನ್ನು ಒಡೆಸಿದವನು ಅರಸ ಹಿಜ್ಕೀಯ. ಆಮೇಲೆ ಕ್ರಿ.ಪೂ. 622ರ ಹೊತ್ತಿಗೆ ಅರಸ ಯೋಷೀಯ ದೇವಾಲಯದೊಳಗಿದ್ದ ಅಶೇರವನ್ನೇ ಹೊರಗೆ ತೆಗೆಸಿ ಕಿದ್ರೋನ್ ಕಣಿವೆಯಲ್ಲಿ ಸುಡಿಸಿದ.

ಆದರೆ ಎಲ್ಲ ಕಡೆ ಹೀಗೆ ಒಡೆದು ಸುಡಲಿಲ್ಲ. ದಕ್ಷಿಣದ ನೆಗೆವ್ ಮರುಭೂಮಿಯ ಅರಾದ್ ಕೋಟೆಯೊಳಗೆ ಯೆಹೂದದವರದೇ ಒಂದು ಚಿಕ್ಕ ಗುಡಿಯಿತ್ತು. ಅಲ್ಲಿನ ಎರಡು ಧೂಪಪೀಠಗಳ ಪೈಕಿ ಒಂದರಲ್ಲಿ ಸಾಂಬ್ರಾಣಿಯ, ಇನ್ನೊಂದರಲ್ಲಿ ಗಾಂಜಾದ ಕುರುಹು ಇದೆಯೆಂದು 2020ರಲ್ಲಿ ಗೊತ್ತಾಯಿತು. ಆ ಗುಡಿ ಮುಚ್ಚಿದಾಗ ಯಾರೋ ಆ ಪೀಠಗಳನ್ನು ಒಡೆಯದೆ, ಮಗ್ಗುಲಾಗಿ ಮಲಗಿಸಿ, ಮೇಲೆ ಮಣ್ಣು ಮುಚ್ಚಿದ್ದರು.